ಕಲ್ಲುಗೋಡೆ ಸಂದಿಗೆ ಯಾವ ಗಿಡ ಹಾಕ್ಲಿ? (ಒಂದ್ಸಲ ಹಾಕಿ ಸೋತಿದೀನಿ, ಬೈಬೇಡಿ)

ಸಂದುಗೊಂದು
ಎಲ್ರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದ್ಕೊಂಡು ಹೋಗ್ತಿದ್ದೆ, ಇವತ್ತು ನಂದೇ ಒಂದು ಗೋಳು ತಂದಿದೀನಿ. ಮನೆ ಹಿಂದೆ ಇಳಿಜಾರು, ಮಣ್ಣು ಜಾರದೇ ಇರ್ಲಿ ಅಂತ ಕಾಡುಗಲ್ಲಲ್ಲಿ ಕಟ್ಟಿರೋ ಗೋಡೆ ಇದೆ, ನಾಲ್ಕಡಿ ಹತ್ರ ಎತ್ತರ, ಒಂದು ಮೂವತ್ತು ಹೆಜ್ಜೆ ಉದ್ದ. ಗಾರೆ ಗೀರೆ ಏನೂ ಇಲ್ಲ, ಕಲ್ಲಿನ ಮೇಲೆ ಕಲ್ಲು ಕೂರ್ಸಿದಾರೆ ಅಷ್ಟೇ. ಮಧ್ಯ ಮಧ್ಯ ಸಂದು ಇದೆ, ಕೆಲವು ಬೆರಳು ತೂರೋಷ್ಟು, ಕೆಲವು ಮುಷ್ಟಿನೇ ಒಳಗೆ ಹೋಗೋಷ್ಟು. ನೋಡೋಕೆ ಹಲ್ಲು ಬಿದ್ದಿರೋ ಬಾಯಿ ಥರ ಕಾಣುತ್ತೆ, ಫೋಟೋ ಹಾಕಿದೀನಿ ನೋಡಿ. ಇದನ್ನೆಲ್ಲಾ ಗಿಡದಿಂದ ತುಂಬ್ಸಿ ಗೋಡೆನೇ ಕಾಣ್ದಂಗೆ ಮಾಡ್ಬೇಕು ಅಂತ ಆಸೆ.

ಹೋದ ವರ್ಷ ಹೂ ಬಿಟ್ಟಿರೋ ಪೆಟೂನಿಯಾ ಎಂಟು ತಂದು, ಕವರ್ ಹರಿದು, ಬೇರಿನ ಮುದ್ದೆ ಸಮೇತ ಸಂದಿಗೆ ತುರುಕಿದ್ದೆ. ಒಳಗೆ ಹೋಗ್ಲಿಲ್ಲ ಅಂತ ಮುದ್ದೇನ ಹಿಸುಕಿ ಹಿಸುಕಿ ತಳ್ಳಿದ್ದೆ (ಗೊತ್ತು ಗೊತ್ತು, ತಪ್ಪು). ಎರಡು ವಾರದಲ್ಲಿ ಆರು ಒಣಗಿ ಜೋತಾಡ್ತಿದ್ವು, ಇನ್ನೆರಡು ಮೊದಲ ಮಳೆಗೇ ಮಣ್ಣಿನ ಜೊತೆ ಜಾರಿ ಕೆಳಗೆ ಬಿದ್ವು. ಈ ಸಲ ಕೇಳೇ ಹಾಕೋಣ ಅಂತ. ಯಾವ ಗಿಡ ಹಾಕ್ಲಿ?

ಬಿಸಿಲುಮಚ್ಚು
ಟೇಬಲ್ ರೋಸ್ ಹಾಕಿ. ಮುಗೀತು. ಅದನ್ನ ಸಾಯ್ಸೋಕೆ ಆಗಲ್ಲ.

ಮುಟ್ಟಿದರೆಮುನಿ
ಮೇಲಿನವರಿಗೆ: ನೆರಳಲ್ಲಿ ಹಾಕಿ ನೋಡಿ, ಟೇಬಲ್ ರೋಸ್ ಹೆಂಗೆ ಸಾಯುತ್ತೆ ಅಂತ ಗೊತ್ತಾಗುತ್ತೆ. ಸಾಯದಿದ್ರೂ ಹೂ ಬಿಡಲ್ಲ, ಬಿಟ್ರೂ ಅರಳಲ್ಲ. ಮೋಡ ಇದ್ರೇನೇ ಮುದುರಿಕೊಂಡಿರುತ್ತೆ ಅದು.

ಗೋಡೆ ಯಜಮಾನ್ರೇ, ಗಿಡದ ಹೆಸರು ಕೇಳೋಕೆ ಮುಂಚೆ ಮೂರು ವಿಷ್ಯ ಹೇಳಿ. ಬಿಸಿಲು ಬೆಳಿಗ್ಗೆದಾ ಮಧ್ಯಾಹ್ನದ್ದಾ, ಎಲ್ಲಾ ಕಡೆ ಒಂದೇ ಸಮ ಬೀಳುತ್ತಾ? ಮಳೆ ಬಂದಾಗ ಗೋಡೇಲಿ ನೀರು ಎಲ್ಲಿಂದ ಬರುತ್ತೆ? ಸಂದಿಯೊಳಗೆ ಕಡ್ಡಿ ಹಾಕಿದ್ರೆ ಹಿಂದೆ ಮಣ್ಣು ಸಿಗುತ್ತಾ, ಇಲ್ಲ ಕಲ್ಲೇ ತಾಗುತ್ತಾ? ಇದು ಗೊತ್ತಿಲ್ದೆ ನಾವಿಲ್ಲಿ ನೂರು ಹೆಸರು ಹೇಳಿದ್ರೂ ಹರಟೆ ಅಷ್ಟೇ.

ಸಂದುಗೊಂದು
ಒಳ್ಳೇ ಪ್ರಶ್ನೆ, ಉತ್ರ ಕೊಡೋಕೆ ಎದ್ದು ಹೋಗಿ ನೋಡ್ಕೊಂಡೇ ಬಂದೆ. ಎಡಗಡೆ ಅರ್ಧ ಗೋಡೆಗೆ ಮಧ್ಯಾಹ್ನ ಮೇಲಿನ ಬಿಸಿಲು ಸುಡುತ್ತೆ, ಕೈ ಇಟ್ರೆ ಕಲ್ಲು ಚುರ್ ಅನ್ನುತ್ತೆ. ಬಲಗಡೆ ಮರದ ನೆರಳು, ಬೆಳಿಗ್ಗೆ ಒಂದೆರಡು ಗಂಟೆ ಬಿಸಿಲು ಅಷ್ಟೇ. ಕಡ್ಡಿ ಹಾಕ್ದೆ, ಸುಮಾರು ಸಂದಿಯಲ್ಲಿ ಒಂದು ಗೇಣು ಆದ್ಮೇಲೆ ಮಣ್ಣು ಮೆತ್ತಿಕೊಂಡು ಬಂತು, ಕೆಲವು ಕಡೆ ಟಕ್ ಅಂತ ಕಲ್ಲು. ನೀರು ಅಂದ್ರೆ, ಜೋರು ಮಳೆ ಆದ್ಮೇಲೆ ಕೆಳಗಿನ ಸಾಲಲ್ಲಿ ಮೂರು ಕಡೆ ಜಿನುಗುತ್ತೆ, ಅದರಲ್ಲೊಂದು ಕಡೆ ಮಳೆ ನಿಂತ ಮಾರನೇ ದಿನಾನೂ ಸಣ್ಣಗೆ ಹರೀತಿರುತ್ತೆ. ಅಲ್ಲಿ ಪಾಚಿ ಇದೆ. ಒದ್ದೆ ಜಾಗ ಅಲ್ವಾ ಗಿಡ ಚೆನ್ನಾಗಿ ಬರುತ್ತೆ ಅಂತ ಅಲ್ಲಿಂದಾನೇ ಶುರು ಮಾಡೋಣ ಅನ್ಕೊಂಡಿದ್ದೆ.

ಮೇಸ್ತ್ರಿಮಗ
ಅಣ್ಣಾ ಆ ಮೂರು ಕಿಂಡಿ ಮುಟ್ಬೇಡಿ!! ದಯವಿಟ್ಟು.

ಅದು ನಿಮ್ಮ ಗೋಡೆ ಮೂಗು. ಹಿಂದೆ ಇಳಿಜಾರಿನ ಮಣ್ಣು ಮಳೆ ನೀರು ಕುಡಿದು ಊದಿಕೊಂಡಿರುತ್ತೆ, ಆ ನೀರು ಹೊರಗೆ ಬರೋಕೆ ದಾರಿ ಬೇಕು. ಒಂದು ಘನ ಮೀಟರ್ ನೀರು ಅಂದ್ರೆ 1000 ಕೆಜಿ, ಅದು ಹಿಂದೆ ಕಟ್ಟಿಕೊಂಡ್ರೆ ಗೋಡೇನ ನಿಧಾನಕ್ಕೆ ಮುಂದಕ್ಕೆ ತಳ್ಳುತ್ತೆ, ಹೊಟ್ಟೆ ಬರುತ್ತೆ, ಆಮೇಲೊಂದು ರಾತ್ರಿ ಕೂತ್ಕೊಂಡು ಬಿಡುತ್ತೆ. ಸಿಮೆಂಟ್ ಗೋಡೆ ಕಟ್ಟಿದಾಗ ನಾವು ಬೇಕಂತಲೇ ಪೈಪ್ ಇಟ್ಟು ವೀಪ್ ಹೋಲ್ ಬಿಡ್ತೀವಿ, ನಿಮ್ಮ ಗೋಡೆಗೆ ಸಂದಿಗಳೇ ವೀಪ್ ಹೋಲ್. ಗಾರೆ ಇಲ್ಲದ ಗೋಡೆ ಇಷ್ಟು ವರ್ಷ ನಿಲ್ಲೋದೇ ಅದಕ್ಕೆ, ನೀರಿನ ಜೊತೆ ಜಗಳ ಆಡಲ್ಲ, ದಾರಿ ಬಿಡುತ್ತೆ. (ಈ ಗಾರೆ ಇಲ್ದೆ ಕಟ್ಟೋ ಕಸುಬನ್ನ 2018ರಲ್ಲಿ ಯುನೆಸ್ಕೋ ಪರಂಪರೆ ಪಟ್ಟಿಗೆ ಸೇರ್ಸಿದಾರೆ, ಯುರೋಪಿನ ಎಂಟು ದೇಶ ಒಟ್ಟಿಗೆ ಅರ್ಜಿ ಹಾಕಿದ್ವು. ನಮ್ಮಪ್ಪನಿಗೆ ಹೇಳಿದೆ, "ಕಲ್ಲು ಕೂರ್ಸೋದಕ್ಕೂ ಪಟ್ಟಿನಾ" ಅಂದ್ರು.)

ಮೊದಲು ಒಂದು ಕೆಲ್ಸ ಮಾಡಿ. ದಾರಕ್ಕೆ ಕಲ್ಲು ಕಟ್ಟಿ ಗೋಡೆ ತುದಿಯಿಂದ ಇಳಿಬಿಡಿ, ತೂಗುಗುಂಡು ಥರ. ಗೋಡೆ ಮೇಲಕ್ಕೆ ಹೋಗ್ತಾ ಹಿಂದಕ್ಕೆ ವಾಲಿರ್ಬೇಕು, ಅಡಿಗೊಂದು ಇಂಚಾದ್ರೂ. ನೆಟ್ಟಗೆ ನಿಂತಿದ್ರೆ ಅನುಮಾನ, ಮುಂದಕ್ಕೆ ವಾಲಿದ್ರೆ ಅಥವಾ ಮಧ್ಯ ಹೊಟ್ಟೆ ಬಂದಿದ್ರೆ ಗಿಡದ ಮಾತು ಬಿಟ್ಟು ಯಾರಾದ್ರೂ ತಿಳಿದೋರಿಗೆ ತೋರ್ಸಿ. ಮತ್ತೆ ಕಲ್ಲು ಅಲ್ಲಾಡ್ತಾ ಇದ್ರೆ ಆ ಸಂದಿಗೆ ಚಕ್ಕೆ ಕಲ್ಲು ಬಿಗಿ ಮಾಡಿ, ಗಿಡ ಅಲ್ಲ. ಗಿಡ ಕಲ್ಲನ್ನ ಹಿಡ್ಕೊಳ್ಳುತ್ತೆ ಅನ್ನೋದೆಲ್ಲಾ ಸುಳ್ಳು, ಕಲ್ಲು ಗಿಡಾನ ಹಿಡ್ಕೋಬೇಕು.

ಸಂದುಗೊಂದು
ಅಯ್ಯೋ ದೇವ್ರೇ, ನಾನು ಸಿಮೆಂಟ್ ಮೆತ್ತಿ ಮುಚ್ಚೋಣ ಅಂತಾನೂ ಒಂದ್ಸಲ ಯೋಚ್ನೆ ಮಾಡಿದ್ದೆ. ದಾರ ಬಿಟ್ಟು ನೋಡ್ದೆ, ಹಿಂದಕ್ಕೇ ವಾಲಿದೆ, ತುದಿಯಲ್ಲಿ ಐದು ಇಂಚು ಬರುತ್ತೆ. ಎಡತುದಿಯಲ್ಲಿ ಎರಡು ಕಲ್ಲು ಲೊಡಲೊಡ ಅಂತಿದಾವೆ.

ಮೇಸ್ತ್ರಿಮಗ
ಐದು ಇಂಚು ಅಂದ್ರೆ ಕಟ್ಟಿದೋನಿಗೆ ಕೆಲ್ಸ ಗೊತ್ತಿತ್ತು. ಇನ್ನೊಂದು ಲಾಭ, ಹಿಂದಕ್ಕೆ ವಾಲಿರೋದ್ರಿಂದ ಮಳೆ ನೀರು ಮುಖದ ಮೇಲೆ ಇಳೀತಾ ಸಂದಿಯೊಳಗೂ ಹೋಗುತ್ತೆ. ನೆಟ್ಟಗಿರೋ ಗೋಡೇಲಿ ಗಿಡಕ್ಕೆ ಒಂದು ಹನಿನೂ ಸಿಗಲ್ಲ.

ಜರಿಗಿಡದ_ಹುಚ್ಚು
ಬಲಗಡೆ ನೆರಳಿನ ಭಾಗ ನನಗೆ ಬಿಡಿ 😀 ಅದು ಜರಿಗಿಡದ ಸ್ವರ್ಗ.

ಅಡಿಯಾಂಟಮ್, ಮೇಡನ್‌ಹೇರ್ ಅಂತಾರಲ್ಲ, ಕಪ್ಪು ತಂತಿ ಥರ ಕಡ್ಡಿ, ಸಣ್ಣ ಬೀಸಣಿಗೆ ಎಲೆ. ಮೇಲೆ ನೀರು ಹಾಕಿ ನೋಡಿ, ಹನಿ ಮುತ್ತಿನ ಥರ ಉರುಳಿ ಬೀಳುತ್ತೆ, ಎಲೆ ಒದ್ದೆನೇ ಆಗಲ್ಲ. ಅಡಿಯಾಂಟಮ್ ಅನ್ನೋ ಗ್ರೀಕ್ ಹೆಸರಿಗೂ ಒದ್ದೆ ಆಗದ್ದು ಅಂತಾನೇ ಅರ್ಥ. ಬೇರು ಮಾತ್ರ ಯಾವಾಗಲೂ ತೇವ ಕೇಳುತ್ತೆ, ಒಂದ್ಸಲ ಒಣಗಿದ್ರೆ ಎಲೆ ಸುಟ್ಟ ಕಾಗದ ಆಗುತ್ತೆ. ಗಾಬರಿ ಆಗ್ಬೇಡಿ, ಬುಡ ಬದುಕಿದ್ರೆ ಮತ್ತೆ ಚಿಗುರುತ್ತೆ. ನಿಮ್ಮ ಆ ಜಿನುಗೋ ಕಿಂಡಿ ಪಕ್ಕದ ಸಂದಿ (ಪಕ್ಕದ್ದು!! ಕಿಂಡಿ ಅಲ್ಲ, ಮೇಸ್ತ್ರಿಮಗ ಹೊಡೀತಾರೆ) ಇದಕ್ಕೆ ಹೇಳಿ ಮಾಡಿಸಿದ ಜಾಗ.

ಹಳೇ ಸುಣ್ಣದ ಗಾರೆ ಗೋಡೆಗಳಲ್ಲಿ ತಾನಾಗೇ ಬರೋ ಇನ್ನೊಂದು ಜರಿ ಇದೆ, ಟೆರಿಸ್ ವಿಟ್ಟಾಟ, ಉದ್ದ ಕತ್ತಿ ಥರ ಎಲೆ ಎರಡೂ ಕಡೆ. ಯಾರೂ ನೆಡಬೇಕಾಗಿಲ್ಲ, ಬೀಜಕ ಗಾಳೀಲೇ ಬರುತ್ತೆ. ಮಣ್ಣಲ್ಲಿರೋ ಆರ್ಸೆನಿಕ್ ವಿಷ ಹೀರಿ ಎಲೇಲಿ ಕೂಡಿಟ್ಟುಕೊಳ್ಳುತ್ತೆ ಅಂತ 2001ರಲ್ಲಿ ಕಂಡುಹಿಡಿದ್ರು, ಆಮೇಲೆ ಸಿಕ್ಕಾಪಟ್ಟೆ ಫೇಮಸ್ ಆಯ್ತು. ಅದನ್ನ ಗೊಬ್ಬರದ ಗುಂಡಿಗೆ ಹಾಕೋ ಮುಂಚೆ ಮಣ್ಣು ಎಂಥದ್ದು ಅಂತ ಯೋಚ್ನೆ ಮಾಡಿ ಅಷ್ಟೇ, ಗೋಡೆಗೆ ಏನೂ ತೊಂದ್ರೆ ಇಲ್ಲ.

ನೆಫ್ರೋಲೆಪಿಸ್ (ಎಲ್ರ ಮನೆ ಕುಂಡದಲ್ಲೂ ಇರುತ್ತಲ್ಲ, ಅದು) ಬೇಡ ಅಂತೀನಿ. ದಾರ ಬಿಟ್ಟು ಬಿಟ್ಟು ಇಡೀ ಗೋಡೆ ತನ್ನದೇ ಅಂತ ಹಿಡ್ಕೊಳ್ಳುತ್ತೆ, ಮೇಡನ್‌ಹೇರ್‌ಗೆ ಜಾಗ ಬಿಡಲ್ಲ.

ಬಿಸಿಲುಮಚ್ಚು
ಸರಿ, ನೆರಳು ಅವರಿಗೆ, ಬಿಸಿಲು ನನಗೆ. ಎಡಗಡೆಗೆ ಟೇಬಲ್ ರೋಸ್ ಅಂತಾನೇ ಹೇಳ್ತೀನಿ ಮುಟ್ಟಿದರೆಮುನಿಯವ್ರು ಮುನಿಸಿಕೊಂಡ್ರೂ ಪರವಾಗಿಲ್ಲ. ಆ ದಪ್ಪ ಎಲೆಯಲ್ಲೇ ನೀರು ಇಟ್ಕೊಂಡಿರುತ್ತೆ, ಬೇರು ಆಳಕ್ಕೆ ಹೋಗಲ್ಲ, ಎರಡು ಇಂಚು ತುಂಡು ಮುರಿದು ಚುಚ್ಚಿದ್ರೆ ಸಾಕು. ಜೊತೆಗೆ ಸೀಡಮ್ ಯಾವುದಾದ್ರೂ ಸಣ್ಣ ಎಲೇದು, ಎಲೆ ಉದುರಿದ ಕಡೆನೇ ಬೇರು ಬಿಡುತ್ತೆ. ನಿತ್ಯಪುಷ್ಪಾನೂ ಹಾಕ್ಬೋದು, ಅದಂತೂ ಕಾಂಕ್ರೀಟ್ ಬಿರುಕಲ್ಲೇ ಹುಟ್ಟಿ ಹೂ ಬಿಡೋ ಜಾತಿ, ಆದ್ರೆ ಸ್ವಲ್ಪ ಪೊದೆ ಆಗುತ್ತೆ, ಮೇಲಿನ ಸಾಲಿಗೆ ಹಾಕಿ ಆಗಾಗ ಕತ್ತರಿಸ್ತಾ ಇರಿ. ಕೆನ್ನೇರಳೆ ಟ್ರೇಡ್‌ಸ್ಕಾನ್ಷಿಯಾ ಗೋಡೆ ನೆತ್ತಿ ಮೇಲೆ ನೆಟ್ರೆ ಕೆಳಗೆ ಇಳಿಬೀಳುತ್ತೆ, ಬಿಸಿಲು ಜಾಸ್ತಿ ಆದಷ್ಟೂ ಬಣ್ಣ ಜಾಸ್ತಿ.

ಚಳಿಗಾಲ_ಜಾಸ್ತಿ
ನಾನಿರೋ ಕಡೆ ಹಿಮ ಬೀಳುತ್ತೆ, ಇಲ್ಲಿ ನೀವು ಹೇಳಿದ ಅರ್ಧ ಗಿಡ ಒಂದು ರಾತ್ರಿಗೇ ಕೊಳೆತು ಹೋಗುತ್ತೆ. ನನ್ನಂಥೋರು ಯಾರಾದ್ರೂ ಓದ್ತಿದ್ರೆ: ಸೆಂಪರ್‌ವೈವಮ್, ಕಲ್ಲು ಗುಲಾಬಿ ಥರ ಕಾಣುತ್ತೆ, ಹಿಮದ ಕೆಳಗೂ ಬದುಕುತ್ತೆ. ಹೂ ಬಿಟ್ಟ ರೋಸೆಟ್ (ಆ ಗುಲಾಬಿಯಂಥ ಎಲೆ ಗೊಂಚಲು) ಸತ್ತು ಹೋಗುತ್ತೆ, ಅಷ್ಟರಲ್ಲಿ ಸುತ್ತ ಮರಿ ಹಾಕಿರುತ್ತೆ, ಹಂಗಾಗಿ ಅಳಬೇಕಾಗಿಲ್ಲ. ಇನ್ನು ಸಿಂಬಲೇರಿಯಾ ಮ್ಯುರಾಲಿಸ್ ಅಂತ ಒಂದು ಪುಟಾಣಿ ಬಳ್ಳಿ, ಇದರ ಚಾಲಾಕಿತನ ನೋಡಿ ನಾನು ಬೆರಗಾಗಿದೀನಿ. ಹೂ ಇದ್ದಾಗ ತೊಟ್ಟು ಬೆಳಕಿನ ಕಡೆ ತಿರುಗಿರುತ್ತೆ, ಜೇನುನೊಣ ಬರ್ಲಿ ಅಂತ. ಕಾಯಿ ಕಟ್ಟಿದ ಕೂಡ್ಲೇ ಅದೇ ತೊಟ್ಟು ಬೆಳಕಿಗೆ ಬೆನ್ನು ಹಾಕಿ ಕತ್ತಲೆ ಹುಡುಕ್ಕೊಂಡು ಹೋಗಿ ಬೀಜಾನ ಸೀದಾ ಸಂದಿಯೊಳಗೆ ಇಟ್ಟು ಬರುತ್ತೆ. ನಾವು ಇಲ್ಲಿ ಕಡ್ಡಿ ಹಿಡ್ಕೊಂಡು ಒದ್ದಾಡ್ತಿರೋ ಕೆಲ್ಸಾನ ಅದು ಕೈಯಿಲ್ದೆ ಮಾಡುತ್ತೆ.

ಹಿತ್ತಲಗಿಡ
ಲೇಟಾಗಿ ಬಂದೆ. ಗಿಡದ ಹೆಸರೆಲ್ಲಾ ಚೆನ್ನಾಗೇ ಹೇಳಿದಾರೆ, ಆದ್ರೆ ಈ ತಮ್ಮ ಸೋತಿದ್ದು ಗಿಡದಿಂದ ಅಲ್ಲ, ತುರುಕಿದ್ದರಿಂದ. ನಾನು ಇಪ್ಪತ್ತು ವರ್ಷದಿಂದ ಗೋಡೆಗೆ ಗಿಡ ಕೂರ್ಸ್ತಾ ಇದೀನಿ, ಹೆಂಗೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಸಂದಿ ಅಂದ್ರೆ ಕುಂಡ ಅಲ್ಲಪ್ಪಾ. ಕುಂಡದಲ್ಲಿ ಗಿಡ ಅಲ್ಲೇ ಇರ್ಬೇಕು, ಸಂದಿಯಲ್ಲಿ ಗಿಡ ಒಳಗೆ ಹೋಗ್ಬೇಕು. ಅಲ್ಲಿ ನೀನು ಹಾಕೋ ಹಿಡಿ ಮಣ್ಣು ಬರೀ ಬುತ್ತಿ, ಬೇರು ಹಿಂದಿನ ಮಣ್ಣು ಮುಟ್ಟೋವರೆಗೆ ಮಾತ್ರ. ಆದ್ರಿಂದ ಕಡ್ಡಿಗೆ ಮಣ್ಣು ಸಿಕ್ಕ ಸಂದಿ ಆರ್ಸ್ಕೋ, ಟಕ್ ಅಂದಿದ್ದು ಬಿಟ್ಬಿಡು, ಅಥವಾ ಅಲ್ಲಿ ಸೀಡಮ್ ಥರದ್ದು ಹಾಕು. ಇನ್ನು ಹೂ ಬಿಟ್ಟಿರೋ ದೊಡ್ಡ ಗಿಡ ಬೇಡವೇ ಬೇಡ. ದೊಡ್ಡ ಗಿಡದ ಎಲೆ ನೀರು ಕೇಳುತ್ತೆ, ಹಿಸುಕಿದ ಬೇರು ಕೊಡೋಕಾಗಲ್ಲ, ನಿನ್ನ ಪೆಟೂನಿಯಾ ಸತ್ತಿದ್ದು ಹಂಗೇ. ನಾಲ್ಕೆಲೆ ಬಂದಿರೋ ಸಸಿ ಸಾಕು, ಬೆರಳು ಗಾತ್ರದ ಬೇರಿನ ಗಂಟು.

ಮಣ್ಣು: ತೋಟದ ಮಣ್ಣು ಎರಡು ಪಾಲು, ದಪ್ಪ ಮರಳು ಒಂದು, ಹಳೇ ಗೊಬ್ಬರ ಒಂದು. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಜಾಸ್ತಿ ಹಾಕಿದ್ರೆ ಒಣಗಿದಾಗ ಕುಗ್ಗಿ ಕಲ್ಲಿಂದ ಬಿಟ್ಕೊಳ್ಳುತ್ತೆ, ಆಮೇಲೆ ನೀರು ಹಾಕಿದ್ರೆ ಪಕ್ಕದಲ್ಲೇ ಜಾರಿ ಹೋಗುತ್ತೆ, ಬೇರಿಗೆ ತಾಗಲ್ಲ. ಗೊಬ್ಬರಾನೇ ತುಂಬಿದ್ರೂ ಅದೇ ಕಥೆ. ಈ ಮಿಶ್ರಣಕ್ಕೆ ನೀರು ಹಾಕಿ ರೊಟ್ಟಿ ಹಿಟ್ಟಿನ ಹದಕ್ಕೆ ಕಲಸ್ಕೋ. ಮುಷ್ಟಿ ಕಟ್ಟಿದ್ರೆ ಉಂಡೆ ಆಗ್ಬೇಕು, ಬೆರಳ ಸಂದಿಯಿಂದ ನೀರು ಇಳೀಬಾರ್ದು.

ಈಗ ಕೂರ್ಸೋದು. ಮೊದಲು ಸಂದಿಯೊಳಗೆ ಕೋಲು ಹಾಕಿ ತಿರುವು, ಚೇಳು ಗೀಳು ಇದ್ರೆ ಎದ್ದು ಹೋಗ್ಲಿ, ಕೈ ಬರಿದಾಗಿ ಹಾಕ್ಬೇಡ. ಚೊಂಬಲ್ಲಿ ನೀರು ಎರಚಿ ಒಳಗಿನ ಕಲ್ಲು ತೋಯಿಸು, ಒಣ ಕಲ್ಲು ಮಣ್ಣಿನ ತೇವಾನೆಲ್ಲ ಕುಡಿದುಬಿಡುತ್ತೆ. ಒಂದು ಉಂಡೆ ಮಣ್ಣು ಒಳಗೆ ತಳ್ಳಿ ಕೋಲಿನ ಮೊಂಡು ತುದಿಯಲ್ಲಿ ಹಿಂದಿನ ಮಣ್ಣಿಗೆ ತಾಗೋವರೆಗೆ ಗಿಡಿ. ಸಸಿ ಬೇರಿಗೆ ಒದ್ದೆ ಗೋಣಿ ತಾಟು ಒಂದು ಸುತ್ತು ಸುತ್ತಿ ಬೀಡಿ ಥರ ಮಾಡ್ಕೋ, ತೆಂಗಿನ ನಾರಾದ್ರೂ ಆಗುತ್ತೆ. ಬೇರಿನ ತುದಿ ಒಳಗೆ, ಸ್ವಲ್ಪ ಕೆಳಮುಖ, ಎಲೆ ಹೊರಗೆ. ಸಂದಿಯ ಬಾಯಿಗಿಂತ ಅರ್ಧ ಇಂಚು ಒಳಗೇ ಬುಡ ಇರ್ಲಿ. ಮೇಲೆ ಇನ್ನೊಂದು ಉಂಡೆ, ಆಮೇಲೆ ಬಾಯಿಗೆ ಒಂದು ಚಕ್ಕೆ ಕಲ್ಲು ಓರೆಯಾಗಿ ಬಿಗಿ ಮಾಡು. ಮಣ್ಣು ಜಾರದೇ ಇರೋದು ಆ ಚಕ್ಕೆಯಿಂದ. ಎಲೆ ಹಿಡಿದು ಮೆತ್ತಗೆ ಎಳೆದು ನೋಡು, ಅಲ್ಲಾಡಿದ್ರೆ ಮತ್ತೆ ಮಾಡು. ಒಂದು ಸಂದಿಗೆ ಹತ್ತು ನಿಮಿಷ ಹಿಡಿಯುತ್ತೆ. ದಿನಕ್ಕೆ ಐದು ಮಾಡು, ಸಾಕು.

ನೀರು: ಪೈಪ್ ಹಿಡೀಬೇಡ. ಮುಚ್ಚಳಕ್ಕೆ ತೂತು ಮಾಡಿರೋ ಬಾಟಲಿ, ಸಂದಿ ಮೇಲಂಚಿಗೆ ತಾಗ್ಸಿ ನಿಧಾನಕ್ಕೆ ಒತ್ತು. ಮೊದಲ ಮೂರು ವಾರ ದಿನಾ, ಆಮೇಲೆ ಬಿಡಿಸ್ತಾ ಬಾ. ಮಳೆ ಹಿಡಿಯೋ ಕಾಲ ಅಥವಾ ಬಿಸಿಲು ಇಳಿಯೋ ಕಾಲ ನೋಡ್ಕೊಂಡು ಶುರು ಮಾಡು, ಉರಿ ಬೇಸಿಗೆಯಲ್ಲಿ ಹಾಕಿ ಆಮೇಲೆ ನನ್ನ ಬೈಬೇಡ.

ಸಂದುಗೊಂದು
ಅಕ್ಕಾ ಇದನ್ನ ಪ್ರಿಂಟ್ ತೆಗೆದು ಗೋಡೆಗೇ ಅಂಟಿಸ್ತೀನಿ. "ಬೀಡಿ ಥರ" ಅಂದಾಗ ಪೂರ್ತಿ ಅರ್ಥ ಆಯ್ತು.

ತಡರಾತ್ರಿ_ಓದುಗ
ಎಲ್ರೂ ಗಿಡ ಹಾಕೋದ್ರಲ್ಲೇ ಇದೀರಾ, ಅವರ ಫೋಟೋ ಝೂಮ್ ಮಾಡಿ ನೋಡಿದ್ರಾ? ಮೇಲಿಂದ ಎರಡನೇ ಸಾಲು, ಬಲಗಡೆ, ಮರದ ಕೊಂಬೆ ಕೆಳಗೆ. ಕೆಂಪು ಚಿಗುರು, ಎಲೆ ತುದಿ ಬಾಲ ಥರ ಉದ್ದ. ಅರಳಿ ಅಲ್ವಾ ಅದು?

ಮುಟ್ಟಿದರೆಮುನಿ
ಅರಳಿನೇ. ಭೇಷ್.

ಸಂದುಗೊಂದು ಅವರೇ, ಇದು ಮೊದಲ ಕೆಲ್ಸ, ಉಳಿದಿದ್ದೆಲ್ಲಾ ಆಮೇಲೆ. ಆ ಕೊಂಬೆ ಮೇಲೆ ಹಕ್ಕಿ ಕೂತು ಹಿಕ್ಕೆ ಹಾಕುತ್ತೆ, ಅದರಲ್ಲಿ ಅರಳಿ, ಆಲ, ಅತ್ತಿ, ಗೋಣಿ ಎಲ್ಲದರ ಬೀಜ ಇರುತ್ತೆ. ಈ ಜಾತಿಗೆ ಹುಟ್ಟೋಕೆ ನೆಲಾನೇ ಬೇಕಾಗಿಲ್ಲ, ಕಲ್ಲಿನ ಸಂದಿ, ಇನ್ನೊಂದು ಮರದ ಪೊಟರೆ, ಯಾವುದಾದ್ರೂ ಸೈ. ಈಗ ಬೆರಳುದ್ದ ಇದೆ, ನೋಡೋಕೆ ಮುದ್ದಾಗಿದೆ. ಬೇರು ಕೂದಲಿನ ಥರ ಒಳಗೆ ಹೋಗಿ ಆಮೇಲೆ ದಪ್ಪ ಆಗೋಕೆ ಶುರು ಆದ್ರೆ ಕಲ್ಲನ್ನ ಹೊರಗೆ ದಬ್ಬುತ್ತೆ. ನೀವು ಹಾಕೋ ಯಾವ ಹೂವಿನ ಗಿಡಾನೂ ಗೋಡೆ ಕೆಡವಲ್ಲ, ಹಾಕದೇ ಬಂದಿರೋ ಇದು ಕೆಡವುತ್ತೆ.

ಸಂದುಗೊಂದು
ನಾನು ಅದನ್ನ ನೋಡಿ ಪರವಾಗಿಲ್ಲ ಒಂದಾದ್ರೂ ತಾನಾಗೇ ಬಂತಲ್ಲ ಅಂತ ಖುಷಿಪಟ್ಟು ನೀರು ಬೇರೆ ಹಾಕ್ತಿದ್ದೆ 🤦 ಕಿತ್ತು ಹಾಕೋದಾ ಹಂಗಾದ್ರೆ? ಅರಳಿ ಕೀಳೋಕೆ ಮನಸ್ಸು ಬರಲ್ಲ ಒಂಥರಾ.

ಹಿತ್ತಲಗಿಡ
ಎಳೆ ಗಿಡ, ಕಿತ್ತು ಕುಂಡಕ್ಕೆ ಹಾಕು, ದೊಡ್ಡದಾದ್ಮೇಲೆ ಎಲ್ಲಾದ್ರೂ ಬಯಲಲ್ಲಿ ನೆಡೋಣ. ಮನಸ್ಸಿಗೂ ಸಮಾಧಾನ ಗೋಡೆಗೂ ಸಮಾಧಾನ. ಮಳೆ ಬಂದು ಸಂದಿ ನೆಂದಿರೋವಾಗ ಎಳಿ, ಬುಡ ಹಿಡಿದು ನೇರ, ಜೋರಾಗಿ ಜಗ್ಗಬೇಡ, ಬೇರು ತುಂಡಾದ್ರೆ ಅಲ್ಲಿಂದಾನೇ ಮತ್ತೆ ಚಿಗುರುತ್ತೆ.

ದಾರಿಹೋಕ
ಉಪ್ಪು ಹಾಕಿ ಸಾಯುತ್ತೆ. ಇಲ್ಲಾಂದ್ರೆ ಆಸಿಡ್ ಹುಯ್ಯಿ.

ಮೇಸ್ತ್ರಿಮಗ
ದಾರಿಹೋಕರೇ, ದಾರಿಯಲ್ಲೇ ಹೋಗ್ಬಿಡಿ ಸ್ವಾಮಿ. ಉಪ್ಪು ಕಲ್ಲಿನ ರಂಧ್ರಕ್ಕೆ ಹೋಗಿ ಒಣಗಿದಾಗ ಹರಳುಗಟ್ಟಿ ಕಲ್ಲಿನ ಮುಖಾನೇ ಪುಡಿಪುಡಿ ಉದುರ್ಸುತ್ತೆ. ಆಸಿಡ್ ಸುಣ್ಣದ ಗಾರೆ ಇದ್ರೆ ಅದನ್ನ ತಿಂದುಹಾಕುತ್ತೆ. ಎರಡೂ ಮಣ್ಣಿಗಿಳಿದು ಕೆಳಗಿನ ಗಿಡಾನೂ ಸಾಯ್ಸುತ್ತೆ. ಅರಳಿ ಮಾತ್ರ ಮತ್ತೆ ಚಿಗುರುತ್ತೆ, ಅದಕ್ಕೆ ನಾಚಿಕೆ ಇಲ್ಲ. ಬೇರು ತೋಳು ದಪ್ಪ ಆಗಿರೋ ಕೇಸಲ್ಲಿ ನಾವು ಕಲ್ಲು ಬಿಚ್ಚಿ ಬೇರು ತೆಗೆದು ಮತ್ತೆ ಕಟ್ತೀವಿ, ಬೇರೆ ದಾರಿ ಇಲ್ಲ.

ಇಟ್ಟಿಗೆಮನೆ
ಮಧ್ಯ ಬಾಯಿ ಹಾಕ್ತಿದೀನಿ ಸಾರಿ. ನಮ್ದು ಇಟ್ಟಿಗೆ ಕಾಂಪೌಂಡು, ಸಿಮೆಂಟ್ ಪ್ಲಾಸ್ಟರ್ ಅಲ್ಲಲ್ಲಿ ಉದುರಿ ಬಿರುಕು ಬಿಟ್ಟಿದೆ. ಅದರಲ್ಲೂ ಹಿಂಗೇ ಗಿಡ ಕೂರ್ಸ್ಬೋದಾ, ಚೆನ್ನಾಗಿ ಕಾಣುತ್ತೆ ಅಲ್ವಾ?

ಮೇಸ್ತ್ರಿಮಗ
ಬೇಡ. ಅವರ ಗೋಡೆಯಲ್ಲಿ ಸಂದಿ ಅನ್ನೋದು ಕಟ್ಟಡದ ಭಾಗ, ನಿಮ್ಮದ್ರಲ್ಲಿ ಅದು ಗಾಯ. ಹಿಂದೆ ಮಣ್ಣೂ ಇಲ್ಲ, ಬೇರು ಹೋಗೋದೆಲ್ಲಿಗೆ, ಇಟ್ಟಿಗೆ ಒಳಗೇ. ಬಿರುಕು ಕೆರೆದು ಗಾರೆ ತುಂಬ್ಸಿ. ಹಳೇ ಸುಣ್ಣದ ಗಾರೆ ಇದ್ರೆ ಸುಣ್ಣದ್ದೇ ಹಾಕಿ, ಮೆತ್ತಗಿರೋ ಇಟ್ಟಿಗೆ ಮಧ್ಯ ಗಟ್ಟಿ ಸಿಮೆಂಟ್ ಹಾಕಿದ್ರೆ ಇಟ್ಟಿಗೆನೇ ಮೊದಲು ಸವೆಯುತ್ತೆ. ಹಸಿರು ಬೇಕು ಅಂದ್ರೆ ಗೋಡೆ ಮುಂದೆ ಒಂದು ಗೇಣು ಬಿಟ್ಟು ತಂತಿ ಕಟ್ಟಿ ಬಳ್ಳಿ ಹಬ್ಬಿಸಿ.

ಇಟ್ಟಿಗೆಮನೆ
ಗೋಡೆಗೇ ಅಂಟಿಕೊಂಡು ಹಬ್ಬೋ ಆ ಸಣ್ಣೆಲೆ ಫೈಕಸ್ ಇದ್ಯಲ್ಲ ಅದು?

ಜರಿಗಿಡದ_ಹುಚ್ಚು
ಫೈಕಸ್ ಪ್ಯುಮಿಲಾ. ಹೆಸರಲ್ಲೇ ಇದೆ ನೋಡಿ, ಅರಳಿ ಆಲದ ದಾಯಾದಿ. ಮೊದಲೆರಡು ವರ್ಷ ಪುಟ್ಟ ಪುಟ್ಟ ಎಲೆ, ಕಂಬಳಿ ಹೊದಿಸಿದಂಗೆ ಚಂದ. ಆಮೇಲೆ ವಯಸ್ಸಿಗೆ ಬಂದ ಕೊಂಬೆ ಗೋಡೆ ಬಿಟ್ಟು ಮುಂದಕ್ಕೆ ಚಾಚುತ್ತೆ, ಎಲೆ ಅಂಗೈ ಅಗಲ, ಅಂಜೂರದ ಥರ ಕಾಯಿ ಬೇರೆ. ಕಿತ್ರೆ ಬಣ್ಣ, ಪ್ಲಾಸ್ಟರ್ ಎಲ್ಲಾ ಜೊತೆಗೇ ಬರುತ್ತೆ. ಕತ್ತರಿ ಹಿಡ್ಕೊಂಡು ವರ್ಷಕ್ಕೆ ಮೂರು ನಾಲ್ಕು ಸಲ ನಿಲ್ಲೋ ತಾಳ್ಮೆ ಇದ್ರೆ ಹಾಕಿ. ನನಗೆ ಇಲ್ಲ.

ಬಿಸಿಲುಮಚ್ಚು
ಕಾಡುಬಸಳೆ ಯಾರೂ ಹೇಳ್ಲಿಲ್ಲ? ಎಲೆ ಬಿದ್ರೆ ಸಾಕು ಅಂಚಿಂದ ಮರಿ ಏಳುತ್ತೆ, ಗೋಡೆ ಸಂದಿಗೆ ಅದಕ್ಕಿಂತ ಸುಲಭದ್ದು ಯಾವುದಿದೆ.

ಮುಟ್ಟಿದರೆಮುನಿ
ಸುಲಭ ಆಗಿರೋದೇ ಸಮಸ್ಯೆ. ಈ ಕಲಾಂಚೋ ಕುಲದಲ್ಲಿ ಕೆಲವು ಎಲೆ ಅಂಚಲ್ಲಿ ನೂರಾರು ಮರಿ ಕಟ್ಟಿ ಉದುರಿಸ್ತಾವೆ, ಒಂದ್ಸಲ ಗೋಡೆಗೆ ಬಂದ್ರೆ ಕೆಳಗಿನ ಪಾತಿ, ಚರಂಡಿ, ಪಕ್ಕದವರ ಹಿತ್ತಲು, ಎಲ್ಲಾ ಕಡೆ. ದನ ತಿಂದ್ರೆ ವಿಷ. ವೆಡೇಲಿಯಾ ಅನ್ನೋ ಬಳ್ಳಿನೂ ಹಂಗೇ ಹಬ್ಬುತ್ತೆ, ಹಳದಿ ಹೂ ನೋಡಿ ಮರುಳಾಗ್ಬೇಡಿ, ನೆಲಕ್ಕಿಳಿದ್ರೆ ಹಿಡಿಯೋರಿಲ್ಲ. ಎರಿಜೆರಾನ್ ಕಾರ್ವಿನ್ಸ್ಕಿಯಾನಸ್ ಅಂತ ಗೋಡೆ ಡೈಸಿ ಸಿಗುತ್ತೆ, ಬಿಳಿ ಹೂ ಹಳತಾಗ್ತಾ ಗುಲಾಬಿ ಆಗುತ್ತೆ, ಸಂದಿಗೆ ಅದರಷ್ಟು ಚೆನ್ನಾಗಿ ಕೂರೋದು ಅಪರೂಪ, ಒಪ್ತೀನಿ, ಆದ್ರೆ ಅದೂ ಕೆಲವು ಪ್ರದೇಶಗಳಲ್ಲಿ ಕಾಡಿಗೆ ನುಗ್ಗಿ ಉಪದ್ರ ಕೊಟ್ಟಿದೆ. ನಿಮ್ಮ ಸುತ್ತಮುತ್ತ ಹಾಗಾಗಿದ್ಯಾ ಅಂತ ವಿಚಾರಿಸಿ ಹಾಕಿ. ಗೋಡೆಗೆ ಒಳ್ಳೇದು ಅಂದ ತಕ್ಷಣ ಊರಿಗೆ ಒಳ್ಳೇದು ಅಂತ ಏನಿಲ್ಲ.

ತಡರಾತ್ರಿ_ಓದುಗ
ಪಾಚಿ ಬೆಳೆಸೋಕೆ ಮಜ್ಜಿಗೆ ಹಚ್ಬೇಕು ಅಂತ ವಿಡಿಯೋ ನೋಡಿದೀನಿ, ಪಾಚಿ ಮಿಕ್ಸಿಗೆ ಹಾಕಿ ಮಜ್ಜಿಗೆ ಜೊತೆ ರುಬ್ಬಿ ಬ್ರಷ್‌ನಲ್ಲಿ ಬಳಿಯೋದು. ಯಾರಾದ್ರೂ ಮಾಡಿದೀರಾ?

ಜರಿಗಿಡದ_ಹುಚ್ಚು
ಮಾಡಿದೀನಿ. ಮೂರು ದಿನ ಹುಳಿ ವಾಸನೆ, ನಾಲ್ಕನೇ ದಿನ ಇರುವೆ, ಎರಡನೇ ವಾರ ಬಿಳಿ ಬೂಷ್ಟು. ಪಾಚಿ ಸೊನ್ನೆ. ಮಿಕ್ಸಿ ಜಾರ್ ಬಗ್ಗೆ ಮನೇಲಿ ನಡೆದ ಮಾತುಕತೆ ಇಲ್ಲಿ ಬೇಡ. ಪಾಚಿಗೆ ಬೇರೇ ಇಲ್ಲ, ಅದಕ್ಕೆ ಊಟ ಹಾಕೋ ಅಗತ್ಯ ಇಲ್ಲ, ನೆರಳಿರೋ ಒರಟು ಕಲ್ಲನ್ನ ದಿನಾ ಒದ್ದೆ ಮಾಡ್ತಾ ಬನ್ನಿ ಸಾಕು, ಅದೇ ಬರುತ್ತೆ.

ಇಟ್ಟಿಗೆಮನೆ
ಗೋಡೆ ತುಂಬಾ ಗಿಡ ಆದ್ರೆ ಹಾವು ಸೇರ್ಕೊಳ್ಳಲ್ವಾ?

ಹಿತ್ತಲಗಿಡ
ಹಾವು ಬರೋದು ಇಲಿಗೆ, ಕಪ್ಪೆಗೆ. ಗೋಡೆ ಬುಡದಲ್ಲಿ ಕಟ್ಟಿಗೆ, ಹೆಂಚು, ಒಣ ಎಲೆ ರಾಶಿ ಹಾಕಿದ್ರೆ ಬರುತ್ತೆ, ಅದನ್ನ ಚೊಕ್ಕ ಇಡಿ. ಬುಡದಿಂದ ಒಂದು ಅಡಿ ಎತ್ತರದವರೆಗೆ ದಟ್ಟವಾಗಿ ಇಳಿಬೀಳೋದು ಹಾಕ್ಬೇಡಿ, ಅಲ್ಲಿ ಏನಿದೆ ಅಂತ ಕಣ್ಣಿಗೆ ಕಾಣ್ತಾ ಇರ್ಲಿ. ಖಾಲಿ ಸಂದಿಗಿಂತ ಮಣ್ಣು ತುಂಬಿದ ಸಂದೀಲಿ ಜಾಗ ಕಮ್ಮಿನೇ. ನನ್ನ ಗೋಡೇಲಿ ಇರೋದು ಹಾವುರಾಣಿ, ಹಲ್ಲಿ, ಮತ್ತೆ ಒಂದು ಮಣ್ಣುಕಣಜ ಪ್ರತಿ ವರ್ಷ ಅದೇ ಸಂದೀಲಿ ಗೂಡು ಕಟ್ಟುತ್ತೆ. ಆ ಸಂದಿಗೆ ನಾನು ಗಿಡ ಹಾಕಿಲ್ಲ, ಅದು ಅದರದ್ದು.

ಸಂದುಗೊಂದು (ಮೂರು ವಾರ ಆದ್ಮೇಲೆ)
ವರದಿ ಒಪ್ಪಿಸ್ತೀನಿ. ಅರಳಿ ಕಿತ್ತೆ. ಗಿಡ ಬೆರಳುದ್ದ, ಬೇರು ಮೊಳಕೈವರೆಗೆ!! ತುಂಡಾಗದೆ ಬಂತು, ಈಗ ಕುಂಡದಲ್ಲಿದೆ. ಲೊಡಲೊಡ ಕಲ್ಲಿಗೆ ಚಕ್ಕೆ ಬಿಗಿ ಮಾಡ್ದೆ. ಮೂರು ಕಿಂಡಿಗೆ ಮರೀಬಾರ್ದು ಅಂತ ಪಕ್ಕದ ಕಲ್ಲಿಗೆ ಸುಣ್ಣದಲ್ಲಿ ಬೊಟ್ಟು ಇಟ್ಟಿದೀನಿ. ಒಟ್ಟು 22 ಸಂದಿ ಮಾಡ್ದೆ, ಎಡಗಡೆ ಟೇಬಲ್ ರೋಸ್ ಹತ್ತು, ಸೀಡಮ್ ಐದು, ಬಲಗಡೆ ಮೇಡನ್‌ಹೇರ್ ನಾಲ್ಕು, ಮಿಕ್ಕ ಮೂರಕ್ಕೆ ಪೈಲಿಯಾ, ಆ ಸಾಸಿವೆ ಕಾಳಿನಂಥ ಎಲೆ ಇರೋದು, ಕುಂಡದ ಪಕ್ಕ ತಾನಾಗೇ ಎದ್ದಿತ್ತು. ಮೊದಲ ದಿನ ಐದು ಅಂದ್ಕೊಂಡು ಎರಡು ಮಾಡೋಷ್ಟರಲ್ಲಿ ಸೊಂಟ ಬಿದ್ದೋಯ್ತು. ಒಂದು ಸಂದಿಯಲ್ಲಿ ಕೋಲು ತಿರುವಿದ್ರೆ ನಿಜವಾಗ್ಲೂ ಚೇಳು ಬಂತು ಅಕ್ಕಾ, ಕರೀದು, ಬಾಲ ಎತ್ಕೊಂಡು ಅದರ ಪಾಡಿಗೆ ಪಕ್ಕದ ಸಂದಿಗೆ ಹೋಯ್ತು. ಆ ಪಕ್ಕದ ಸಂದೀನೂ ಈಗ ಅದರದ್ದು.

ಬಿಸಿಲುಮಚ್ಚು
ಹತ್ತು ಟೇಬಲ್ ರೋಸ್. ಯಾರೋ ಏನೋ ಅಂತಿದ್ರು.

ಮುಟ್ಟಿದರೆಮುನಿ
ಬಿಸಿಲಲ್ಲಿ ಹಾಕಿದಾರೆ, ಅದಕ್ಕೆ ಸುಮ್ನಿದೀನಿ.

ಸಂದುಗೊಂದು (ಐದು ತಿಂಗಳು ಆದ್ಮೇಲೆ)
ಥ್ರೆಡ್ ಎಬ್ಬಿಸ್ತಿದೀನಿ ಕ್ಷಮಿಸಿ. 22ರಲ್ಲಿ 15 ಇದೆ. ಸೀಡಮ್ ಎರಡು ಕೊಳೆತು ಹೋಯ್ತು, ಮಳೆಗಾಲದಲ್ಲೂ ನಾನು ಅಭ್ಯಾಸಬಲದಿಂದ ಬಾಟಲಿ ಹಿಡ್ಕೊಂಡು ಹೋಗ್ತಿದ್ದೆ. ಟೇಬಲ್ ರೋಸ್ ನಾಲ್ಕು ಹೋಯ್ತು, ನಾಲ್ಕೂ ಕಡ್ಡಿಗೆ ಟಕ್ ಅಂದಿದ್ದ ಸಂದಿಗಳೇ, ಹಾಕ್ಬೇಡ ಅಂದಿದ್ರೂ ಆಸೆಗೆ ಹಾಕಿದ್ದೆ. ಮೇಡನ್‌ಹೇರ್ ಒಂದು ಒಣಗಿ ಸುಟ್ಟ ಕಾಗದ ಆಗಿತ್ತು, ಸತ್ತೋಯ್ತು ಅಂತ ಲೆಕ್ಕದಿಂದ ತೆಗೆದಿದ್ದೆ. ಮೊನ್ನೆ ಜೋರು ಮಳೆ ಆದ್ಮೇಲೆ ಕಿಂಡಿ ನೋಡೋಕೆ ಹೋದೆ, ಮೂರೂ ಚೆನ್ನಾಗಿ ಹರೀತಿದ್ವು, ಅಲ್ಲೇ ಬಗ್ಗಿ ನೋಡಿದ್ರೆ ಆ ಒಣಗಿದ ಬುಡದಿಂದ ಸುರುಳಿ ಸುತ್ಕೊಂಡಿರೋ ಎರಡು ಚಿಗುರು, ಉಗುರಿನಷ್ಟಿಲ್ಲ. ಅಂದ್ರೆ 16.

ಇನ್ನೊಂದು. ಬೊಟ್ಟು ಇಟ್ಟಿರೋ ನಡುವಿನ ಕಿಂಡಿ ಬಾಯಲ್ಲಿ ಒಂದು ಜರಿ ತಾನಾಗೇ ಬಂದಿದೆ, ಉದ್ದ ಕತ್ತಿ ಎಲೆ. ಮೇಸ್ತ್ರಿಮಗ ಅವರೇ, ಇದನ್ನ ನಾನು ಹಾಕಿಲ್ಲ, ಆಣೆ. ಇರ್ಲಾ, ತೆಗೀಲಾ?

ಮೇಸ್ತ್ರಿಮಗ
ನೀರು ಹರೀತಿದ್ಯಾ?

ಸಂದುಗೊಂದು
ಹರೀತಿದೆ, ಅದರ ಬುಡ ತೊಳ್ಕೊಂಡೇ ಹೋಗ್ತಿದೆ.

ಮೇಸ್ತ್ರಿಮಗ
ಇರ್ಲಿ ಬಿಡಿ. ವರ್ಷಕ್ಕೊಂದ್ಸಲ ಬೆರಳು ಹಾಕಿ ನೋಡಿ, ಮಣ್ಣು ಕಟ್ಟಿಕೊಂಡಿದ್ರೆ ಕೆರೆದು ಬಿಡಿ. ಬೆರಳಿಗೆ ಮುಂಚೆ ಕೋಲು.